ಮೈಕಣ್ಣನ ನಿಲ್ಲದ ಪ್ರೋಗ್ರಾಂ

ಆ ಬಸ್ ನಿಲ್ದಾಣದಲ್ಲಿ ಒಂದು ನಿಯಮವಿತ್ತು. ಮೈಕಿನಲ್ಲಿ ನಂಬರು ಕೂಗದ ಹೊರತು ಯಾವ ಬಸ್ಸೂ ಜಾಗ ಬಿಟ್ಟು ಅಲ್ಲಾಡಕೂಡದು. ನಿಲ್ದಾಣಕ್ಕೆ ಇದ್ದದ್ದು ಒಂದೇ ಗೇಟು, ಅದೂ ಬಸ್ಸುಗಳು ಹೊಟ್ಟೆ ಎಳೆದುಕೊಂಡು ನುಸುಳಬೇಕಾದಷ್ಟು ಕಿರಿದು. ಹಿಂದೊಮ್ಮೆ ಎರಡು ಬಸ್ಸುಗಳು ಒಟ್ಟಿಗೇ ಹೊರಟು ಅಲ್ಲಿ ಕೆನ್ನೆಗೆ ಕೆನ್ನೆ ಕೊಟ್ಟು ಸಿಕ್ಕಿಕೊಂಡಿದ್ದವಂತೆ. ಬಿಡಿಸಲು ಗೇಟಿನ ಕಂಬ ಕಿತ್ತರಂತೆ. ಮತ್ತೆ ನೆಡುವಾಗ ಸ್ವಲ್ಪ ಆಚೆ ನೆಡೋಣ ಎಂದು ಯಾರಿಗೂ ಹೊಳೆಯಲಿಲ್ಲ, ನಿಯಮ ಮಾತ್ರ ಹೊಳೆಯಿತು. ಅಂದಿನಿಂದ ಗಡಿಯಾರ ಏನೇ ಹೇಳಲಿ, ಪ್ರಯಾಣಿಕರು ಏನೇ ಕೂಗಾಡಲಿ, ದನಿ ಕರೆದ ಮೇಲೆಯೇ ಚಾಲಕರು ಕೀಲಿಗೆ ಕೈ ಹಾಕುವುದು.

ಆ ದನಿ ಮೈಕಣ್ಣನದು. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಆಳು ಸಣ್ಣ, ದನಿ ದೊಡ್ಡದು. ಧ್ವನಿವರ್ಧಕದಲ್ಲಿ ಕೇಳಿ ಮೆಚ್ಚಿ ನೋಡಲು ಬಂದವರು ಮೈಕಿನ ಕೋಣೆಯ ಬಾಗಿಲಲ್ಲಿ ನಿಂತು, ಅವನ ಹಿಂದೆ ಇನ್ನೊಬ್ಬರು ಇರಬಹುದೇನೋ ಎಂದು ಕತ್ತು ಚಾಚುತ್ತಿದ್ದರು.

ಒಂದೇ ತೊಂದರೆ. ಈ ದನಿಗೆ ಬದಲಿ ಇರಲಿಲ್ಲ. ಮೈಕಣ್ಣ ನೆಗಡಿಯಲ್ಲೂ ಕೂಗಿದ್ದ, ಹಲ್ಲು ಕೀಳಿಸಿಕೊಂಡ ದಿನವೂ ಕೂಗಿದ್ದ. ಆ ದಿನ ಮಾತ್ರ ನಾಲ್ಕನೇ ನಂಬರು ಹೊರಡಬೇಕಾದಾಗ ಏಳನೇ ನಂಬರು ಹೊರಟಿತ್ತು. ರಜೆ ಎನ್ನುವುದು ಅವನ ಪಾಲಿಗೆ ಬೇರೆಯವರು ತೆಗೆದುಕೊಳ್ಳುವ ವಸ್ತು. ಅವನ ಹೆಂಡತಿಗೋ ಮದುವೆಯಾದಾಗಿನಿಂದ ಒಂದೇ ಆಸೆ, ಸಮುದ್ರ ನೋಡಬೇಕು. ಒಂಬತ್ತನೇ ನಂಬರಿನ ಬಸ್ಸು ದಿನವೂ ಸಮುದ್ರಕ್ಕೇ ಹೋಗುತ್ತಿತ್ತು.

"ಊರಿಗೆಲ್ಲ ಸಮುದ್ರ ತೋರಿಸ್ತೀರಿ. ನನಗೆ ಮಾತ್ರ ಅದರ ನಂಬರು ಕೇಳಿಸ್ತೀರಿ" ಎಂದು ಅವಳು ಒಂದು ದಿನ ತಟ್ಟೆ ಒರೆಸುತ್ತ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ಮೈಕಣ್ಣ ತಡೆದುಕೊಳ್ಳುತ್ತಿದ್ದ. ಅವಳು ನಗುತ್ತ ಹೇಳಿದಳು. ಅದನ್ನು ತಡೆದುಕೊಳ್ಳುವುದು ಅವನಿಂದಾಗಲಿಲ್ಲ.

ಹಾಗಾಗಿ ತಲೆ ನರೆತ ಮೇಲೆ ಮೈಕಣ್ಣ ಕಂಪ್ಯೂಟರ್ ಕಲಿಯಲು ಹೊರಟ. ಹೆಂಡತಿಯ ತಮ್ಮನ ಮಗಳು ಸಂಜೆ ತರಗತಿ ನಡೆಸುತ್ತಿದ್ದಳು. ಮನೆಯಲ್ಲಿ ಕರೆದಂತೆ ತರಗತಿಯಲ್ಲೂ ಅವನನ್ನು "ಮಾವ" ಎನ್ನುತ್ತಿದ್ದಳು. ನೋಡನೋಡುತ್ತ ಇಡೀ ತರಗತಿಯೇ ಮಾವ ಎನ್ನತೊಡಗಿತು. ಇಷ್ಟು ಜನ ಅಳಿಯಂದಿರನ್ನು ಒಟ್ಟಿಗೆ ಪಡೆದ ಮೈಕಣ್ಣ ನಾಚುತ್ತ, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತ, ಕೊನೆಗೂ ಒಂದು ಪ್ರೋಗ್ರಾಂ ಬರೆದ. ನಿಲ್ದಾಣದ ಕಂಟ್ರೋಲರ್ ಪ್ರತಿದಿನ ಬಸ್ಸುಗಳ ನಂಬರು, ಹೊರಡುವ ಗಂಟೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದು ಫೈಲಾಗಿ ಬರೆದಿಡುತ್ತಿದ್ದ. ಪ್ರೋಗ್ರಾಂ ಆ ಫೈಲು ತೆರೆದು, ಸಾಲು ಸಾಲಾಗಿ ಓದಿ, ಸಮಯಕ್ಕೆ ಸರಿಯಾಗಿ ಮೈಕಣ್ಣನದೇ ದನಿಯಲ್ಲಿ ಕೂಗಬೇಕು. ಅದಕ್ಕಾಗಿ ಅವನು ಒಂದೊಂದು ನಂಬರನ್ನೂ ಬಿಸಿನೀರು ಕುಡಿದು, ಗಂಟಲು ಸರಿಮಾಡಿ ರೆಕಾರ್ಡ್ ಮಾಡಿಟ್ಟಿದ್ದ.

ಮ್ಯಾನೇಜರ್ ಸಾಹೇಬರು ಇದನ್ನು ಕೇಳಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಹಿಂದಕ್ಕೆ ಒರಗಿದರೆಂದರೆ ಷರತ್ತು ಬರುತ್ತದೆ ಎಂದೇ ಲೆಕ್ಕ.

"ನೋಡ್ರಿ ಮೈಕಣ್ಣ, ಒಂದು ದಿನ ಪರೀಕ್ಷೆ. ಬೆಳಿಗ್ಗೆಯಿಂದ ಸಂಜೆವರೆಗೆ ಕೋಣೆಗೆ ಬೀಗ, ಕೀಲಿ ನನ್ನ ಜೇಬಲ್ಲಿ. ನಿಮ್ಮ ಪ್ರೋಗ್ರಾಂ ಮಧ್ಯದಲ್ಲಿ ಒಂದೇ ಒಂದು ಸಲ ನಿಂತರೂ ರಜೆ ಗಿಜೆ ಅಂತ ಈ ಬಾಗಿಲಿಗೆ ಬರಕೂಡದು. ನಿಲ್ಲದಿದ್ರೆ ಒಂದು ವಾರ ರಜೆ. ಹೋಗಿ, ಸಮುದ್ರದಲ್ಲಿ ಬೇಕಾದಷ್ಟು ಕೂಗಿಕೊಳ್ಳಿ."

ಮೈಕಣ್ಣ ಸಂತೋಷದಿಂದ ಮನೆಗೆ ಓಡಿದ. ಹೆಂಡತಿ ಅಟ್ಟದಿಂದ ಬಟ್ಟೆಯ ಚೀಲ ಇಳಿಸಿ ಧೂಳು ಕೊಡವಿದಳು. ಆದರೆ ಪ್ರೋಗ್ರಾಂ ಮಾತ್ರ ಮುಟ್ಟಿದರೆ ಮುನಿಯುವ ಜಾತಿ. ಕಂಟ್ರೋಲರ್ ಒಂದು ಸಾಲನ್ನು ಖಾಲಿ ಬಿಟ್ಟರೆ ಸಾಕು, "ನಾಲ್ಕನೇ ನಂ" ಎಂದು ಉಸಿರು ಕಟ್ಟಿ ಬಿದ್ದುಬಿಡುತ್ತಿತ್ತು. ಎಬ್ಬಿಸಿದರೆ ಮತ್ತೆ ಬೀಳುತ್ತಿತ್ತು.

ಸಂಜೆ ತರಗತಿಯಲ್ಲಿ ಟೀಚರ್ ಹುಡುಗಿ ತಾಳ್ಮೆಯಿಂದ ಬಿಡಿಸಿ ಹೇಳಿದಳು. "ಮಾವ, ಫೈಲ್ ಓದೋದು ಅಂದ್ರೆ ಬೇರೆಯವರ ಮನೆಗೆ ಹೋದ ಹಾಗೆ. ಮನೆ ಅಲ್ಲೇ ಇದೆಯೋ ಇಲ್ವೋ, ಬಾಗಿಲು ತೆಗೀತಾರೋ ಇಲ್ವೋ, ಒಳಗೆ ಯಾರಿದ್ದಾರೋ, ಯಾವುದೂ ನಮ್ಮ ಕೈಲಿಲ್ಲ. ಏನಾದ್ರೂ ಎಡವಟ್ಟಾದ್ರೆ ಪ್ರೋಗ್ರಾಂ ಒಂದು ಎಕ್ಸೆಪ್ಷನ್ ಎಸೆಯುತ್ತೆ. ಅದನ್ನ ಯಾರೂ ಹಿಡೀದಿದ್ರೆ ಅಲ್ಲಿಗೆ ಮುಗೀತು, ಪ್ರೋಗ್ರಾಂ ಬೀಳುತ್ತೆ."

"ಹಿಡಿದ್ರೆ?"

"ಹಿಡಿದ್ರೆ ಬೀಳಲ್ಲ. ಆದರೆ, ಹಿಡಿದ ಮೇಲೆ…"

"ಬೀಳಲ್ಲ!" ಎಂದು ಮೈಕಣ್ಣ ಎದ್ದು ನಿಂತ. ಇಡೀ ತರಗತಿ ತಿರುಗಿ ನೋಡಿತು. "ಅಷ್ಟೇ ಸಾಕು ಪುಟ್ಟಿ, ಅಷ್ಟೇ ಸಾಕು!" ಎನ್ನುತ್ತ ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡು ಹೊರಟೇಹೋದ. ಅವಳ "ಆದರೆ" ತರಗತಿಯಲ್ಲೇ ಉಳಿಯಿತು.

ಮೈಕಣ್ಣ ಮಾಡಿದ್ದಿಷ್ಟು. ಇಡೀ ಪ್ರೋಗ್ರಾಮಿನ ಸುತ್ತ ಒಂದೇ ದೊಡ್ಡ ಬಲೆ ಕಟ್ಟಿದ. ಎಂಥ ಎಕ್ಸೆಪ್ಷನ್ ಬಂದರೂ, ನೀನು ಯಾರು, ಎಲ್ಲಿಂದ ಬಂದೆ, ಯಾಕೆ ಬಂದೆ ಎಂದು ಒಂದು ಮಾತೂ ಕೇಳದೆ ಹಿಡಿ, ನುಂಗು, ಮತ್ತೆ ಮೊದಲಿಂದ ಶುರುಮಾಡು. ನುಂಗುವ ಹೊತ್ತಿಗೆ ಸುಮ್ಮನಿದ್ದರೆ ಪ್ರಯಾಣಿಕರಿಗೆ ಗಾಬರಿಯಾದೀತೆಂದು ಒಂದು ವಾಕ್ಯವನ್ನೂ ರೆಕಾರ್ಡ್ ಮಾಡಿ ಸೇರಿಸಿದ. ಎಂದಾದರೊಮ್ಮೆ ಬೇಕಾಗುವ ವಾಕ್ಯ, ಆದರೂ ಅದನ್ನು ಹೇಳುವಾಗ ತನ್ನ ಗಂಟಲಿನ ಬೆಣ್ಣೆಯನ್ನೆಲ್ಲ ಅದಕ್ಕೇ ಹಚ್ಚಿದ.

ಪರೀಕ್ಷೆಯ ದಿನ ಬಂತು. ಮ್ಯಾನೇಜರ್ ಸಾಹೇಬರು ಕೋಣೆಗೆ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿ, ಜೇಬನ್ನು ಮೇಲಿನಿಂದ ಎರಡು ಸಲ ತಟ್ಟಿದರು. ಮೈಕಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಚಹಾ ಅಂಗಡಿಯ ಬೆಂಚಿನಲ್ಲಿ ಕೂತ.

ಅವನಿಗೆ ತಿಳಿಯದ ಸಂಗತಿ ಒಂದಿತ್ತು. ಕಂಟ್ರೋಲರ್ ಬಹಳ ಒಳ್ಳೆಯ ಮನುಷ್ಯ. ಮಾತು ಕಡಿಮೆ. ಹೇಳಬೇಕಾದದ್ದನ್ನೆಲ್ಲ ಬರೆದು ತಿಳಿಸುವವನು, ಬಾಯಿಬಿಟ್ಟು ಹೇಳಬೇಕೆಂದರೆ ಕಿವಿ ಕೆಂಪಾಗುತ್ತಿತ್ತು. ಮೈಕಣ್ಣನ ದೊಡ್ಡ ದಿನ ಎಂದು ಅವನು ಬೆಳಿಗ್ಗೆ ಬೇಗ ಬಂದು, ಯಾರ ಕೈಯೂ ತಾಗದಿರಲೆಂದು ಆ ಫೈಲನ್ನು ಕಂಪ್ಯೂಟರಿನಲ್ಲೇ ಬೇರೆ ಕಡೆ ಭದ್ರವಾಗಿ ಎತ್ತಿಟ್ಟಿದ್ದ. ಎಷ್ಟು ಭದ್ರವೆಂದರೆ ಪ್ರೋಗ್ರಾಮಿಗೂ ಅದು ಸಿಗುವಂತಿರಲಿಲ್ಲ.

ಧ್ವನಿವರ್ಧಕ ಕರಕರ ಎಂದಿತು. ಆಮೇಲೆ ನಿಲ್ದಾಣದ ತುಂಬ ಆ ದನಿ ಹರಿಯಿತು.

"ಪ್ರಯಾಣಿಕರ ಗಮನಕ್ಕೆ. ಎಲ್ಲವೂ ಸರಿಯಾಗಿದೆ. ದಯವಿಟ್ಟು ನೆಮ್ಮದಿಯಿಂದ ಕುಳಿತುಕೊಳ್ಳಿ."

ಜನ ತಲೆಯೆತ್ತಿ ನೋಡಿದರು. ಬಸ್ ನಿಲ್ದಾಣದಲ್ಲಿ ಇಂಥ ಮಾತನ್ನು ಯಾರೂ ಯಾರಿಗೂ ಹೇಳಿದ್ದಿಲ್ಲ. ನಿಂತಿದ್ದವರು ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ದನಿ, ಅದೇ ವಾಕ್ಯ. ಕೂತವರು ಕಾಲು ಚಾಚಿದರು.

ಪ್ರತಿದಿನ ಪೇಪರ್ ಓದಲು ಬಂದು ಕೂರುತ್ತಿದ್ದ ನಿವೃತ್ತ ಹೆಡ್‌ಮಾಸ್ಟರರು ಕನ್ನಡಕ ತೆಗೆದರು. "ಜೀವಮಾನವಿಡೀ ಮಕ್ಕಳಿಗೆ ಸುಮ್ಮನೆ ಕೂತ್ಕೊಳ್ಳಿ ಅಂತ ಅರಚಿದೆ. ಒಬ್ಬನೂ ಕೂರಲಿಲ್ಲ. ಇದನ್ನ ನೋಡಿ, ಎಷ್ಟು ಮೆತ್ತಗೆ ಹೇಳ್ತು, ಇಡೀ ನಿಲ್ದಾಣ ಕೂತುಬಿಡ್ತು!" ಕನ್ನಡಕವನ್ನು ಪಂಚೆಯ ತುದಿಯಿಂದ ಒರೆಸಿಕೊಂಡರು.

ಟಿಕೆಟ್ ಕಿಟಕಿಯ ಮುಂದೆ ಸೂಟ್‌ಕೇಸಿಗಾಗಿ ಕಿತ್ತಾಡುತ್ತಿದ್ದ ಗಂಡಹೆಂಡಿರು ಕೈಬಿಟ್ಟರು. "ನೀವೇ ಹಿಡ್ಕೊಳ್ಳಿ" ಎಂದಳು ಅವಳು. "ಬೇಡ, ನೀನೇ ಹಿಡ್ಕೋ" ಎಂದ ಅವನು. ಸೂಟ್‌ಕೇಸು ನೆಲದ ಮೇಲೆ ಅನಾಥವಾಗಿ ಕೂತಿತು. ಬೆಳಗಿನಿಂದ ರಚ್ಚೆ ಹಿಡಿದಿದ್ದ ಮಗು ಬೆರಳು ಚೀಪುತ್ತ ನಿದ್ದೆಹೋಯಿತು. ಕೋರ್ಟಿಗೆ ಓಡಬೇಕಿದ್ದ ವಕೀಲರೊಬ್ಬರು ಗಡಿಯಾರ ನೋಡಿ ಗಾಬರಿಯಾಗಿ ಎದ್ದವರು, ವಾಕ್ಯ ಮತ್ತೊಮ್ಮೆ ಕೇಳಿಸಿದಾಗ, "ಇಷ್ಟು ಖಚಿತವಾಗಿ ಹೇಳ್ತಿರಬೇಕಾದ್ರೆ ಏನೋ ಆಧಾರ ಇರಬೇಕು" ಎಂದು ಕೂತುಬಿಟ್ಟರು.

ಚಾಲಕರಂತೂ ಪರಮಾನಂದದಲ್ಲಿದ್ದರು. ನಂಬರು ಕೂಗಿಲ್ಲ, ಹಾಗಾಗಿ ಹೊರಡುವಂತಿಲ್ಲ. ಎಲ್ಲ ಸರಿಯಾಗಿದೆಯಂತೆ, ಹಾಗಾಗಿ ಕೇಳುವಂತಿಲ್ಲ. ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅವರು ನಿದ್ದೆಗಿಳಿದರು. ಹೊರಗಿನಿಂದ ಬರುವ ಬಸ್ಸುಗಳು ಬರುತ್ತಲೇ ಇದ್ದವು. ನಿಲ್ದಾಣ ತುಂಬಿತು, ಗೇಟು ತುಂಬಿತು, ಬೀದಿ ತುಂಬಿತು. ದೂರದ ತಿರುವಿನ ತನಕ ಬಸ್ಸುಗಳ ಸಾಲು. ಬೀದಿಯವರು ಏನಾಯಿತೆಂದು ಒಳಗೆ ಬಂದರು, ಬಂದವರು ದನಿ ಕೇಳಿ ಅಲ್ಲೇ ಕೂತರು. ಎದುರಿನ ಹಲ್ಲಿನ ಡಾಕ್ಟರು ಕುರ್ಚಿಯಲ್ಲಿ ನಡುಗುತ್ತಿದ್ದ ರೋಗಿಯೊಬ್ಬನನ್ನು, "ಹೋಗಿ ಬಸ್ ಸ್ಟ್ಯಾಂಡಲ್ಲಿ ಸ್ವಲ್ಪ ಕೂತು ಬನ್ನಿ, ಆಮೇಲೆ ಕೀಳೋಣ" ಎಂದು ಕಳಿಸಿಕೊಟ್ಟರು.

ಮ್ಯಾನೇಜರ್ ಸಾಹೇಬರು ಕಿಟಕಿಯಿಂದ ಇದನ್ನೆಲ್ಲ ನೋಡಿ ಮೇಲಧಿಕಾರಿಗಳಿಗೆ ಫೋನು ಮಾಡಿದರು. "ಸರ್, ಬೆಳಿಗ್ಗೆಯಿಂದ ಒಂದೂ ದೂರಿಲ್ಲ ಸರ್! ಒಂದೂ! ದೂರು ಬರೆಯೋ ಪುಸ್ತಕದ ಮೇಲೆ ಬೆಕ್ಕು ಮಲಗಿದೆ ಸರ್!"

ಚಹಾ ಅಂಗಡಿಯ ಬೆಂಚಿನಲ್ಲಿ ಮೈಕಣ್ಣನನ್ನು ಜನ ಮುತ್ತಿಕೊಂಡಿದ್ದರು. ಚಹಾ ಅಂಗಡಿಯಾಕೆ ಅವನಿಂದ ಕಾಸು ಮುಟ್ಟಲಿಲ್ಲ. ಒಬ್ಬರು ಬಂದು ಕೈ ಕುಲುಕಿ ಕಣ್ಣೊರೆಸಿಕೊಂಡು ಹೋದರು. ಮೈಕಣ್ಣ ಮೊದಮೊದಲು ಬೀಗಿದ. ಆಮೇಲೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದವನು ಅದು ಕರಗಿ ಮುಳುಗಿದ್ದನ್ನೂ ಗಮನಿಸಲಿಲ್ಲ. ಬೆಳಗಿನಿಂದ ಒಂದು ನಂಬರೂ ಕಿವಿಗೆ ಬಿದ್ದಿಲ್ಲ ಎಂಬುದು ಅವನ ತಲೆಗೆ ನಿಧಾನವಾಗಿ ಇಳಿಯುತ್ತಿತ್ತು.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಬಸ್ಸುಗಳ ನಡುವೆ ಅಡ್ಡಡ್ಡ ನುಸುಳಿಕೊಂಡು ಬಂದವಳು, ಗಂಡನ ದನಿ ಕೇಳಿ ಗಕ್ಕನೆ ನಿಂತಳು.

"ಎಲ್ಲವೂ ಸರಿಯಾಗಿದೆ…"

"ಏನ್ ಕೆಟ್ಟಿದೆ?" ಎಂದಳು, ನೇರವಾಗಿ ಗಂಡನ ಹತ್ತಿರ ಬಂದು.

"ಏನೂ ಇಲ್ವೇ! ಯಾಕೆ ಹಾಗೆ ಕೇಳ್ತೀಯಾ?"

"ರೀ, ನಿಮ್ಮ ಜೊತೆ ಇಷ್ಟು ವರ್ಷ ಬಾಳಿದ್ದೀನಿ. ಹಾಲು ಉಕ್ಕಿಸಿದ ದಿನ ಅಡುಗೆಮನೆಯಿಂದ ಇದೇ ದನಿ ಬಂದಿತ್ತು. ಸೋಫಾದ ಕಾಲು ಮುರಿದ ದಿನವೂ ಇದೇ ದನಿ. ನೀವು ಬೆಣ್ಣೆ ಹಚ್ಚಿ ಎಲ್ಲ ಸರಿಯಾಗಿದೆ ಅಂದ್ರೆ, ನಾನು ಒರೆಸೋ ಬಟ್ಟೆ ತಗೊಂಡೇ ಬರೋದು."

ಮೈಕಣ್ಣ ತಲೆ ತಗ್ಗಿಸಿದ. "ಫೈಲು ಸಿಗ್ತಿಲ್ಲ ಅಂತ ಕಾಣುತ್ತೆ. ಅದು ನುಂಗ್ತಾ ಇದೆ. ಆದ್ರೆ ಇವಳೇ, ಪ್ರೋಗ್ರಾಂ ನಿಂತಿಲ್ಲ! ಸಂಜೆ ತನಕ ಹೀಗೇ ಇದ್ರೆ ರಜೆ ಸಿಗುತ್ತೆ. ಸಮುದ್ರ…"

ಹೆಂಡತಿ ಬೆಂಚಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಬೆಂಚಿನ ಆ ತುದಿಯಲ್ಲಿ ಒಬ್ಬ ಅಜ್ಜಿ ಬೆಳಿಗ್ಗೆಯಿಂದ ಕೂತಿದ್ದಳು. ಮಡಿಲಲ್ಲಿ ಒಂದು ಪುಟ್ಟ ಉಲ್ಲನ್ ಟೋಪಿ, ಹಳದಿ ಬಣ್ಣದ್ದು. ಅದರ ಕುಚ್ಚನ್ನು ಮತ್ತೆ ಮತ್ತೆ ನೇವರಿಸುತ್ತಿದ್ದಳು.

"ಎಲ್ಲಿಗಮ್ಮ ಹೊರಟಿದ್ದೀರಾ?" ಎಂದು ಹೆಂಡತಿ ಕೇಳಿದಳು.

"ಮಗಳಿಗೆ ಹೆರಿಗೆಯಾಗಿದೆ ಕಣಮ್ಮ. ಇವತ್ತು ಆಸ್ಪತ್ರೆಯಿಂದ ಮನೆಗೆ ಕಳಿಸ್ತಾರೆ. ಮಗು ಹೊರಗೆ ಬರೋ ಹೊತ್ತಿಗೆ ತಲೆಗೆ ಹಾಕೋಣ ಅಂತ" ಎಂದು ಅಜ್ಜಿ ಟೋಪಿ ತೋರಿಸಿದಳು. "ಬಸ್ಸು ಬರಲಿ ಬಿಡು, ಅವಸರ ಇಲ್ಲ. ಎಲ್ಲ ಸರಿಯಾಗಿದೆಯಂತೆ. ಒಳ್ಳೇ ಮನುಷ್ಯ ಪಾಪ, ಆಗಿನಿಂದ ಹೇಳ್ತಾನೇ ಇದ್ದಾನೆ."

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಟೋಪಿ ನೋಡಿದ. ಆಮೇಲೆ ಅವಳ ಕೈಯಲ್ಲಿದ್ದ ಡಬ್ಬಿಯನ್ನು ತೆಗೆದು ಬೆಂಚಿನ ಮೇಲಿಟ್ಟು, ಇಸ್ತ್ರಿ ಅಂಗಿಯನ್ನು ಒಮ್ಮೆ ಕೆಳಕ್ಕೆ ಎಳೆದುಕೊಂಡು, ಮ್ಯಾನೇಜರ್ ಸಾಹೇಬರ ಕೋಣೆಗೆ ನಡೆದ.

"ಬನ್ನಿ ಬನ್ನಿ ಮೈಕಣ್ಣ! ರಜೆಗೆ ಈಗಲೇ ಸಹಿ ಹಾಕಿಬಿಡಲಾ?"

"ಬೇಡಿ ಸರ್. ಪ್ರೋಗ್ರಾಂ ಕೆಟ್ಟಿದೆ ಸರ್."

"ಏನ್ರೀ ಹೇಳ್ತೀರಾ? ನಿಂತಿದೆಯಾ?"

"ನಿಂತಿಲ್ಲ ಸರ್."

"ಮತ್ತೆ? ಷರತ್ತು ಏನು? ನಿಲ್ಲಬಾರದು. ನಿಂತಿಲ್ಲ. ನೀವು ಗೆದ್ದಿರಿ, ಕೂತ್ಕೊಳ್ಳಿ, ಚಹಾ ಕುಡೀರಿ."

"ಅದು ನಿಂತಿಲ್ಲ ಸರ್. ಬಸ್ಸುಗಳು ನಿಂತಿವೆ."

ಸಾಹೇಬರು ನಕ್ಕು ಕಿಟಕಿಯತ್ತ ತಿರುಗಿದರು. "ಅದೇ ನಾನೂ ನೋಡ್ತಾ ಇದ್ದೆ. ನಮ್ಮ ಹತ್ರ ಇಷ್ಟೊಂದು ಬಸ್ಸು ಇವೆ ಅಂತ ನನಗೆ ಇವತ್ತೇ ಗೊತ್ತಾ…" ಎಂದವರು ಮಾತು ಮುಗಿಸಲಿಲ್ಲ. ಅವರ ಕೈ ಜೇಬಿನಲ್ಲಿದ್ದ ಕೀಲಿಯನ್ನು ಹುಡುಕಿತು. ಗಾಬರಿಗೆ ಮೊದಲು ಕರವಸ್ತ್ರ ಬಂತು, ಆಮೇಲೆ ಬಾಚಣಿಗೆ, ಕೊನೆಗೆ ಕೀಲಿ.

ಬೀಗ ತೆಗೆದು ಪ್ರೋಗ್ರಾಂ ನಿಲ್ಲಿಸಿ ಮೈಕಣ್ಣ ತಾನೇ ಮೈಕಿನ ಮುಂದೆ ನಿಂತ. ಬೀದಿಯ ಕೊನೆಯ ಬಸ್ಸನ್ನು ಹಿಂದಕ್ಕೆ ಕಳಿಸಿ, ಅದರ ಮುಂದಿನದನ್ನು ಪಕ್ಕಕ್ಕೆ ಸರಿಸಿ, ಗಂಟು ಬಿದ್ದ ನೂಲನ್ನು ಬಿಡಿಸುವ ಹಾಗೆ ಒಂದೊಂದೇ ನಂಬರು ಕೂಗಿದ. ಮೊದಲು ಕೂಗಿದ್ದು ಆಸ್ಪತ್ರೆಯ ಕಡೆಯ ಮೂರನೇ ನಂಬರನ್ನು. ಅವನ ಹೆಂಡತಿ ಅಜ್ಜಿಯ ಕೈಹಿಡಿದು ಹತ್ತಿಸಿ, ಊಟದ ಡಬ್ಬಿಯನ್ನೂ ಅವಳ ಕೈಗಿತ್ತಳು. ನಿಲ್ದಾಣದಲ್ಲಿ ಮತ್ತೆ ನೂಕುನುಗ್ಗಲು, ಕೂಗಾಟ. ಗಂಡಹೆಂಡಿರು ಸೂಟ್‌ಕೇಸಿನ ಎರಡು ಕಡೆ ಹಿಡಿದು ಎಳೆದಾಡಿದರು. "ಆ ಮೊದಲಿನದನ್ನೇ ಹಾಕ್ರೀ!" ಎಂದು ಹೆಡ್‌ಮಾಸ್ಟರರು ನೊಂದು ಕೂಗಿದರು.

ಸಂಜೆ ಸಾಹೇಬರು ಹೇಳಿದ್ದು ಒಂದೇ ಮಾತು. "ಸಮುದ್ರ ಎಲ್ಲಿಗೂ ಹೋಗಲ್ಲ ಮೈಕಣ್ಣ. ನೀವೂ ಹೋಗಬೇಡಿ."

ಚೀಲ ಮತ್ತೆ ಅಟ್ಟ ಸೇರಿತು. ಅಂದು ಸಂಜೆ ಟೀಚರ್ ಹುಡುಗಿ ತರಗತಿ ಮುಗಿಸಿ ಸೋದರತ್ತೆಯ ಮನೆಗೇ ಬಂದಳು. ಅಡುಗೆಮನೆಯ ಮೇಜಿನ ಮುಂದೆ ಮಾವನನ್ನು ಕೂರಿಸಿ, ಬಾಗಿಲು ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ತಾನು ಕೂತಳು.

"ಈಗ ನನ್ನ 'ಆದರೆ' ಕೇಳಿಸ್ಕೊಳ್ಳಿ. ಫೈಲ್ ಓದಬೇಕಾದ್ರೆ ಒಬ್ಬ ಮೇಲೆ ಕೂತು ಕೆಲಸ ಹೇಳ್ತಾನೆ. ಅವನ ಕೆಳಗೆ ಫೈಲ್ ತೆರೆಯೋನು. ಅವನ ಕೆಳಗೆ ಒಂದೊಂದೇ ಸಾಲು ಓದೋನು. ತೀರಾ ಕೆಳಗಿರೋನಿಗೆ ಗಂಟೆ ಇರಬೇಕಾದ ಜಾಗದಲ್ಲಿ ಬೇರೆ ಏನೋ ಕಂಡ್ರೆ ಅವನು ಸುಳ್ಳು ಹೇಳಲ್ಲ. ನನ್ನ ಕೈಲಾಗಲ್ಲ ಅಂತ ಮೇಲಕ್ಕೆ ಎಸೀತಾನೆ. ಅದೇ ಎಕ್ಸೆಪ್ಷನ್. ಮೇಲಿನವನಿಗೆ ಪರಿಹಾರ ಗೊತ್ತಿದ್ರೆ ಹಿಡೀತಾನೆ. ಗೊತ್ತಿಲ್ವಾ, ಅವನೂ ದಾರಿ ಬಿಡ್ತಾನೆ. ಅದು ಇನ್ನೂ ಮೇಲಕ್ಕೆ ಹೋಗುತ್ತೆ, ಯಾರಿಗೆ ಗೊತ್ತೋ ಅವರು ಸಿಗೋ ತನಕ."

ಮೈಕಣ್ಣ ಅದು ಹಾದುಹೋಗುವುದು ಕಾಣುತ್ತದೇನೋ ಎಂಬಂತೆ ಛಾವಣಿಯನ್ನೇ ನೋಡಿದ. "ದಾರಿಯಲ್ಲಿ ಎಲ್ಲೂ ಕಳೆದುಹೋಗಲ್ವಾ ಪುಟ್ಟಿ?"

"ಇಲ್ಲ ಮಾವ. ಏನಾಯ್ತು, ಎಲ್ಲಿ ಆಯ್ತು, ಯಾವ ಸಾಲಲ್ಲಿ ಆಯ್ತು, ಎಲ್ಲ ತಾನೇ ಹೊತ್ಕೊಂಡು ಹೋಗುತ್ತೆ."

"ತಪ್ಪು… ತನ್ನ ವಿಳಾಸ ತಾನೇ ಹೊತ್ಕೊಂಡು ಹೋಗುತ್ತಾ!" ಮೈಕಣ್ಣನ ಬಾಯಿ ತೆರೆದೇ ಇತ್ತು. ಒಲೆಯ ಮುಂದಿದ್ದ ಹೆಂಡತಿ ಸೌಟು ಕೈಲಿ ಹಿಡಿದೇ ತಿರುಗಿದಳು. "ನಮ್ಮನೇಲಿ ನೀಲಿ ಬಣ್ಣದ ಚಹಾ ಕಪ್ ಒಡೆದವರು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಅಲ್ಲಿ ನೋಡಿ, ಯಂತ್ರಕ್ಕೆ ಎಷ್ಟು ಮರ್ಯಾದೆ!"

"ಅದಕ್ಕೇ ಮಾವ, ಗೊತ್ತಿರೋದನ್ನ ಮಾತ್ರ ಹಿಡೀಬೇಕು. ಫೈಲ್ ಇಲ್ವಾ, ಇಲ್ಲ ಅಂತ ಹೇಳಿ ಕಂಟ್ರೋಲರನ್ನ ಕರೀರಿ. ಒಂದು ಸಾಲು ಅರ್ಥ ಆಗ್ಲಿಲ್ವಾ, ಅದನ್ನ ಬಿಟ್ಟು ಮುಂದಿನದಕ್ಕೆ ಹೋಗಿ, ಬಿಟ್ಟಿದ್ದೀನಿ ಅಂತ ಹೇಳಿ. ಮತ್ತೆ ಕಡೆಯಲ್ಲಿ, ಓದೋಕೆ ಆಗಿರಲಿ ಬಿಡಲಿ, ತೆರೆದ ಫೈಲ್ ಮುಚ್ಚಿಯೇ ಹೋಗಬೇಕು ಅಂತ ಬರೀರಿ. ಮಧ್ಯೆ ಎಷ್ಟೇ ರಂಪ ಆದ್ರೂ ಅದೊಂದು ನಡೆದೇ ನಡೆಯುತ್ತೆ."

"ಜಗಳ ಆಡಿಕೊಂಡು ಹೊರಟರೂ ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋಗೋ ಹಾಗೆ" ಎಂದಳು ಹೆಂಡತಿ.

"ಹೂಂ ಅತ್ತೆ, ಹಾಗೇ."

ಅಷ್ಟೊಂದು ಸೌಜನ್ಯ ಒಂದು ಯಂತ್ರದೊಳಗೆ ಯಾರಿಗೂ ಕಾಣದಂತೆ ನಡೆಯುತ್ತಿದೆಯಲ್ಲ ಎಂದು ಮೂವರೂ ಒಲೆಯನ್ನೇ ಮರೆತರು. ಒಲೆಯ ಮೇಲಿನದು ಸೀದ ವಾಸನೆ ಬಂದಾಗಲೇ ಎಚ್ಚರ. "ಎಲ್ಲ ಸರಿ…" ಎಂದು ಬಾಯಿ ತೆರೆದ ಮೈಕಣ್ಣ, ತಡೆದು, "ತಳ ಹಿಡಿದಿದೆ ಕಣೇ" ಎಂದ. ಹೆಂಡತಿ ಅವನನ್ನು ಹೊಸಬನನ್ನು ನೋಡುವಂತೆ ನೋಡಿದಳು.

ಮೈಕಣ್ಣ ದೊಡ್ಡ ಬಲೆ ಬಿಚ್ಚಿ, ಪ್ರೋಗ್ರಾಂ ತಿದ್ದಿ, ಹೊಸ ವಾಕ್ಯಗಳನ್ನು ರೆಕಾರ್ಡ್ ಮಾಡಿದ. ಎರಡನೇ ಪರೀಕ್ಷೆಗೆ ಸಾಹೇಬರನ್ನು ಒಪ್ಪಿಸಿದ್ದು ಕಂಟ್ರೋಲರ್. ಅವನು ಸಾಹೇಬರ ಮೇಜಿನ ಮುಂದೆ ಬಹಳ ಹೊತ್ತು ನಿಂತಿದ್ದನಂತೆ. ಕಿವಿ ಕೆಂಪಾಗಿ, ಕೊನೆಗೆ "ಫೈಲು ಎತ್ತಿಟ್ಟಿದ್ದು ನಾನು, ಸರ್. ಅಣ್ಣಂದೇನೂ ತಪ್ಪಿಲ್ಲ" ಎಂದನಂತೆ. ಅವನು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಸಾಹೇಬರು ಅಂದೇ ಕೇಳಿದ್ದು. ಬೆರಗಿನಲ್ಲಿ "ಹೂಂ" ಎಂದುಬಿಟ್ಟರು.

ಈ ಸಲ ಸಾಹೇಬರು ಜಾಣರಾಗಿದ್ದರು. ಪರೀಕ್ಷೆಯ ನಡುವೆ ಯಾರಿಗೂ ಹೇಳದೆ ತಾವೇ ಹೋಗಿ ಫೈಲನ್ನು ಬಚ್ಚಿಟ್ಟು, ಏನೂ ತಿಳಿಯದವರಂತೆ ಹೊರಗೆ ಬಂದು ನಿಂತರು. ಧ್ವನಿವರ್ಧಕ ಕರಕರ ಎಂದಿತು.

"ಪ್ರಯಾಣಿಕರ ಗಮನಕ್ಕೆ. ಬಸ್ಸುಗಳ ಗಂಟೆ ಬರೆದ ಫೈಲು ನನಗೆ ಸಿಗುತ್ತಿಲ್ಲ. ತಪ್ಪಾಗಿದೆ. ಫೈಲನ್ನು ಬಲ್ಲವರು ದಯವಿಟ್ಟು ಅದನ್ನು ಅದರ ಜಾಗದಲ್ಲಿಡಿ."

ಸಾಹೇಬರು ಬೆಚ್ಚಿಬಿದ್ದು ಹಿಂದೆ ನಿಂತಿದ್ದ ಮೈಕಣ್ಣನತ್ತ ತಿರುಗಿದರು. "ಇದಕ್ಕೆ ನಾನೇ ಅಂತ ಹೇಗೆ ಗೊತ್ತಾಯ್ತು?"

"ಗೊತ್ತಾಗಿಲ್ಲ ಸರ್. ಸಿಗ್ತಿಲ್ಲ ಅಂತ ಮಾತ್ರ ಗೊತ್ತು."

"ಆದ್ರೂ ಇಷ್ಟು ಜನರ ಮುಂದೆ ತಪ್ಪಾಗಿದೆ ಅಂತ ಒಪ್ಪಿಕೊಳ್ಳೋದಾ? ಈ ಕಚೇರಿಯಲ್ಲಿ ಇದುವರೆಗೆ ಯಾರೂ ಆ ಮಾತು ಆಡಿಲ್ಲ ರೀ!" ಎನ್ನುತ್ತಲೇ ಸಾಹೇಬರು ಓಡಿಹೋಗಿ ಫೈಲನ್ನು ಇದ್ದಲ್ಲಿಟ್ಟರು. ಮರುಕ್ಷಣ ಯಂತ್ರ ಐದನೇ ನಂಬರು ಕೂಗಿತು. ಬಸ್ಸು ಹೊಟ್ಟೆ ಎಳೆದುಕೊಂಡು ಗೇಟು ದಾಟಿತು. ಬೆಂಚುಗಳಲ್ಲಿ ಯಾರೂ ನಗಲಿಲ್ಲ. "ಅಧಿಕಾರದ ಜಾಗದಿಂದ ಬಂದ ಮಾತು ನೋಡಿ," ಎಂದರು ಹೆಡ್‌ಮಾಸ್ಟರರು ಪಕ್ಕದವರಿಗೆ, ಬಹಳ ಮೆತ್ತಗೆ. "ತಪ್ಪಾಗಿದೆ ಅಂತು." ಪಕ್ಕದವರು ಟೋಪಿ ತೆಗೆದರು.

ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗದೆ, ನೆಟ್ಟಗೆ ಕೂತು ರಜೆಗೆ ಸಹಿ ಹಾಕಿದರು.

ಹೊರಡುವ ಬೆಳಿಗ್ಗೆ ಮೈಕಣ್ಣ, ಹೆಂಡತಿ ಇಬ್ಬರೂ ಒಂಬತ್ತನೇ ನಂಬರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಚೀಲ ತೊಡೆಯ ಮೇಲಿತ್ತು. ಯಂತ್ರ ಬೇರೆ ಬಸ್ಸುಗಳ ನಂಬರು ಒಂದೊಂದಾಗಿ ಕೂಗಿತು. ತನ್ನ ದನಿಯನ್ನು ತಾನೇ ಪ್ರಯಾಣಿಕನಾಗಿ ಕೇಳುತ್ತ ಮೈಕಣ್ಣ, ಪ್ರತಿ ನಂಬರಿಗೂ ತುಟಿ ಅಲ್ಲಾಡಿಸುತ್ತಿದ್ದ. ಅವರ ಬಸ್ಸಿನ ಸರದಿ ಬಂತು. ಚಾಲಕ ಕೀಲಿಗೆ ಕೈಯಿಟ್ಟ.

"ಪ್ರಯಾಣಿಕರ ಗಮನಕ್ಕೆ. ಒಂಬತ್ತನೇ ನಂಬರಿನ ಸಾಲಿನಲ್ಲಿ ಗಂಟೆಯ ಜಾಗದಲ್ಲಿ ಗಂಟೆಯಲ್ಲದ್ದು ಏನೋ ಇದೆ. ನನಗೆ ಓದಲು ಬರುತ್ತಿಲ್ಲ. ಈ ಸಾಲನ್ನು ಬಿಟ್ಟಿದ್ದೇನೆ. ಕಂಟ್ರೋಲರ್ ಅವರು ದಯವಿಟ್ಟು ಮೈಕಿನ ಹತ್ತಿರ ಬನ್ನಿ."

ಚಾಲಕ ಕೀಲಿಯಿಂದ ಕೈ ತೆಗೆದ. ಮೈಕಣ್ಣ ಚಂಗನೆ ಎದ್ದ. ಹೆಂಡತಿ ಅವನ ಅಂಗಿಯ ತುದಿ ಹಿಡಿದಳು.

"ಅವನಿಗೆ ಮಾತಾಡೋಕೆ ಬರಲ್ವೇ! ಮೈಕ್ ಅಂದ್ರೆ ಬೆವರ್ತಾನೆ. ನಾನೇ ಹೋಗಿ…"

"ಕೂತ್ಕೊಳ್ಳಿ. ಯಂತ್ರ ಕರೆದದ್ದು ನಿಮ್ಮನ್ನಲ್ಲ."

ಇಡೀ ನಿಲ್ದಾಣ ಕಾದಿತ್ತು. ಧ್ವನಿವರ್ಧಕದಲ್ಲಿ ಬಾಗಿಲು ಕಿರುಗುಟ್ಟಿದ ಸದ್ದು, ಕುರ್ಚಿ ಎಳೆದ ಸದ್ದು, ಯಾರೋ ಉಗುಳು ನುಂಗಿದ ಸದ್ದು. ಸಮುದ್ರ ಇಷ್ಟು ಹತ್ತಿರ ಬಂದು ಒಂದು ಗಂಟಲಿನಲ್ಲಿ ಸಿಕ್ಕಿಕೊಂಡಿತ್ತು. ಮೈಕಣ್ಣ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದ.

"ಒಂಬತ್ತನೇ ನಂಬರು…" ಎಂದಿತು ಒಂದು ಸಣ್ಣ, ಒಣಗಿದ ದನಿ. "ಹತ್ತು ಗಂಟೆಗೆ. ಈಗ." ಆಮೇಲೆ ಮತ್ತೊಮ್ಮೆ ಕುರ್ಚಿ ಎಳೆದ ಸದ್ದು. "ತಪ್ಪು ನಂದೇ. ಗಂಟೆಯ ಪಕ್ಕ ಏನೋ ಬರೆದಿದ್ದೆ. ಅಣ್ಣನ ದನಿಯಲ್ಲೇ ಚೆನ್ನಾಗಿ ಕೇಳಿಸುತ್ತೆ, ಯಂತ್ರ ಓದಿಬಿಡುತ್ತೆ ಅಂದ್ಕೊಂಡಿದ್ದೆ. ಓದಲಿಲ್ಲ. ನಾನೇ ಓದ್ತೀನಿ." ಉಸಿರೆಳೆದುಕೊಂಡದ್ದು ಬೀದಿಯ ತಿರುವಿನ ತನಕ ಕೇಳಿಸಿತು. "ಅಣ್ಣಾ, ಅತ್ತಿಗೆ, ಸಂತೋಷವಾಗಿ ಹೋಗಿ ಬನ್ನಿ. ನಾವು ನೋಡ್ಕೋತೀವಿ."

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯಿಂದ ಕೈಬೀಸಿದಳು, ಎಲ್ಲ ಧ್ವನಿವರ್ಧಕಗಳಿಗೂ ಒಟ್ಟಿಗೇ. ಮೈಕಣ್ಣ ಕಂಬಿಯಿಂದ ಕೈ ಬಿಟ್ಟ. ಚಾಲಕ ಕೀಲಿ ತಿರುಗಿಸಿದ.

ಬಸ್ಸು ನಿಧಾನವಾಗಿ ಗೇಟಿನತ್ತ ತಿರುಗುವಾಗ ನಿಲ್ದಾಣದ ತುಂಬ ಆ ಸಣ್ಣ ದನಿ ಇನ್ನೂ ಪಿಸುಗುಟ್ಟುತ್ತಿತ್ತು. "ಈ ಮೈಕನ್ನ ಆಫ್ ಮಾಡೋದು ಹೇಗೆ? ಇದಾ? ಇದಲ್ಲ. ಇದಾ?"

"ಕೆಂಪುಗುಂಡಿ ರೀ, ಕೆಂಪುಗುಂಡಿ!" ಎಂದು ಹೆಡ್‌ಮಾಸ್ಟರರು ಬೆಂಚಿನಿಂದ ಕೂಗಿದರು. ಚಹಾ ಅಂಗಡಿಯಾಕೆ ಒಲೆ ಬಿಟ್ಟು ಮೈಕಿನ ಕೋಣೆಗೆ ಓಡಿದಳು. ಅವಳ ಹಿಂದೆ, ಜೇಬು ಹಿಡಿದುಕೊಂಡು, ಮ್ಯಾನೇಜರ್ ಸಾಹೇಬರೂ ಓಡಿದರು.